ಕನ್ನಡದಲ್ಲಿ ಕ್ಯಾಂಪೇನ್ ಆಡಿಸೋದು ಹೆಂಗೆ? ಹೊಸ ಗೇಮ್ ಮಾಸ್ಟರ್‌ಗಳು ಪದೇ ಪದೇ ಕೇಳೋ ಪ್ರಶ್ನೆಗಳು

ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ದಾಳ ಎಸೆದು ಕತೆ ಕಟ್ಟೋ ಆಟಾನ ಬೆಂಗಳೂರಲ್ಲಿ ನಾನು ಭಾನುವಾರ ಭಾನುವಾರ ಆಡಿಸ್ತೀನಿ, ಹಲವು ಸಲ ಕೂತು ಮುಂದುವರಿಸೋ ಒಂದು ಉದ್ದ ಕತೇಗೆ ಕ್ಯಾಂಪೇನ್ ಅಂತಾರೆ. ನನ್ನ ಟೇಬಲ್‌ಗೆ ಬಂದು, ಆಮೇಲೆ ತಾವೂ ಒಂದು ಟೇಬಲ್ ಶುರು ಮಾಡ್ಬೇಕು ಅಂತ ಹೊರಟಿರೋರು ಫೋನಲ್ಲಿ, ಮೆಸೇಜಲ್ಲಿ ಇದೇ ಪ್ರಶ್ನೆಗಳನ್ನ ಕೇಳ್ತಿರ್ತಾರೆ, ಅದಕ್ಕೆ ಎಲ್ಲಾ ಒಂದು ಕಡೆ ಬರೆದಿಟ್ಟಿದೀನಿ. ರೂಲ್ಸ್ ವಿಷಯ ಬಂದಾಗ ನಾನು ಹೇಳೋದು ಹೆಚ್ಚಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟದ ಐದನೇ ಎಡಿಷನ್ನಿಂದು. ಪಾತ್‌ಫೈಂಡರ್ ಅಥವಾ ಬೇರೆ ಏನಾದ್ರೂ ಆಡ್ತಿದ್ರೂ ಮುಕ್ಕಾಲು ಪಾಲು ಉಪಯೋಗಕ್ಕೆ ಬರತ್ತೆ.

ಪ್ರ: ಈ ಆಟ ಏನು ಅಂತ ಮನೆಯೋರಿಗೆ ಹೆಂಗೆ ಹೇಳೋದು?

ತಾಳಮದ್ದಳೆ ನೋಡಿರೋರಿಗಾದ್ರೆ ಒಂದು ನಿಮಿಷ ಸಾಕು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಒಬ್ರು ಕೃಷ್ಣ ಆಗ್ತಾರೆ ಇನ್ನೊಬ್ರು ಕೌರವ ಆಗ್ತಾರೆ, ಮಾತು ಬರೆದಿಟ್ಟಿರಲ್ಲ, ಎದುರಿಗಿರೋರು ಏನಂದ್ರೋ ಅದರ ಮೇಲೆ ಅಲ್ಲೇ ಹುಟ್ಕೊಳತ್ತೆ. ನಮ್ಮದೂ ಹಂಗೇ, ಆದ್ರೆ ಪ್ರಸಂಗದ ಕೊನೆ ಯಾರಿಗೂ ಗೊತ್ತಿಲ್ಲ, ಗೋಡೆ ಹತ್ತಿದ್ರಾ ಬಿದ್ರಾ ಅನ್ನೋದನ್ನ ದಾಳ ಹೇಳತ್ತೆ. ಭಾಗವತರ ಜಾಗದಲ್ಲಿ ಕೂರೋರು ಗೇಮ್ ಮಾಸ್ಟರ್, ಊರು, ಕಾಡು, ಶತ್ರು, ದಾರಿಹೋಕರು ಎಲ್ಲಾ ಅವರ ಪಾಲಿಗೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತೆ ಡೇವ್ ಆರ್ನೆಸನ್ ಅಮೆರಿಕದಲ್ಲಿ ಇದನ್ನ ಮೊದಲು ಪುಸ್ತಕ ಮಾಡಿ ಮಾರಿದ್ದು.

ಪ್ರ: ಪುಸ್ತಕ ಇಂಗ್ಲಿಷಲ್ಲಿದೆ, ಕನ್ನಡದಲ್ಲಿ ಆಡಿಸಿದ್ರೆ ಕೃತಕ ಅನ್ಸಲ್ವಾ?

ಎಲ್ಲಾ ಪದಾನೂ ಅನುವಾದ ಮಾಡಕ್ಕೆ ಹೋದ್ರೆ ಖಂಡಿತ ಅನ್ಸತ್ತೆ. ಹಿಟ್ ಪಾಯಿಂಟ್ (ಎಷ್ಟು ಏಟು ತಡ್ಕೋಬಹುದು), ಇನಿಶಿಯೇಟಿವ್ (ಫೈಟಲ್ಲಿ ಯಾರ ಸರದಿ ಮೊದಲು), ಸ್ಪೆಲ್ ಸ್ಲಾಟ್ (ಎಷ್ಟು ಸಲ ಮಂತ್ರ ಹಾಕ್ಬಹುದು), ಇವನ್ನೆಲ್ಲ ಹಂಗೇ ಬಿಟ್ಬಿಡಿ, ಕ್ರಿಕೆಟ್ಟಲ್ಲಿ ಎಲ್‌ಬಿಡಬ್ಲ್ಯೂ ಅಂದಂಗೆ. ಪಾತ್ರದ ವಿವರ ಬರ್ಕೊಳೋ ಶೀಟ್ ಮೇಲಿರೋದು ಇಂಗ್ಲಿಷಲ್ಲಿ, ಪಾತ್ರಗಳು ನೋಡೋದು ಕೇಳೋದು ಮಾತಾಡೋದು ಕನ್ನಡದಲ್ಲಿ, ನಮ್ಮ ಟೇಬಲ್ಲಲ್ಲಿ ಇಷ್ಟೇ ಕಟ್ಟುಪಾಡು.

ನಾನು ಮೊದಲ ಆರು ತಿಂಗಳು ಇಂಗ್ಲಿಷಲ್ಲೇ ಆಡಿಸ್ತಿದ್ದೆ, ಆಟವೂ ಚೆನ್ನಾಗೇ ನಡೀತಿತ್ತು. ಒಂದಿನ ಗಾಬ್ಲಿನ್ (ಪುಸ್ತಕದಲ್ಲಿ ಬರೋ ಕುಳ್ಳ ರಾಕ್ಷಸ) ಒಂದು ಸಿಕ್ಕಿಹಾಕ್ಕೊಂಡಿತ್ತು, ಫೈಟರ್, ಅಂದ್ರೆ ಯೋಧನ ಪಾತ್ರ, ಆಡ್ತಿದ್ದ ಹುಡುಗಿ ಅದರ ಕುತ್ತಿಗೆ ಮೇಲೆ ಕತ್ತಿ ಇಟ್ಟು "ನಿಮ್ಮ ಗುಹೆ ಎಲ್ಲಿದೆ ಹೇಳು" ಅಂತ ಕೇಳ್ತಿದ್ಲು, ಆಗ ನಂಗೇ ಗೊತ್ತಿಲ್ಲದಂಗೆ ನನ್ನ ಬಾಯಿಂದ "ಅಕ್ಕಾ, ಬ್ಯಾಡಕ್ಕಾ, ಎರಡು ದಿನದಿಂದ ಏನೂ ತಿಂದಿಲ್ಲಕ್ಕಾ" ಅಂತ ಬಂತು. ಅವಳ ಕೈಯಲ್ಲಿ ಇಪ್ಪತ್ತು ಮುಖದ ದಾಳ ಇತ್ತು, ಎಸೆಯಕ್ಕೆ ಕೈ ಎತ್ತಾಗಿತ್ತು. ಹಂಗೇ ನಿಂತ್ಲು. ದಾಳನ ಮೆಲ್ಲಗೆ ಟೇಬಲ್ ಮೇಲಿಟ್ಟು, ಕತ್ತಿ ಕೆಳಗಿಳಿಸ್ತೀನಿ ಅಂದು, "ಹೆಸರೇನೋ ನಿಂದು?" ಅಂತ ಕೇಳಿದ್ಲು. ಪುಸ್ತಕದಲ್ಲಿ ಆ ಗಾಬ್ಲಿನ್‌ಗೆ ಹೆಸರೇ ಇರಲಿಲ್ಲ, ನಾನು ಅಲ್ಲೇ "ಚೋಟ" ಅಂದೆ. ಆಮೇಲೆ ಚೋಟ ಆ ಕ್ಯಾಂಪೇನ್ ಪೂರ್ತಿ ಇವರ ಜೊತೇಲೇ ಇದ್ದ. ಅವತ್ತಿಂದ ನಾನು ಕನ್ನಡದಲ್ಲೇ ಆಡಿಸ್ತಿರೋದು.

ಇನ್ನೊಂದು ವಿಷಯ, ಕನ್ನಡದಲ್ಲಿ ನೀನು, ನೀವು, ತಾವು ಅಂತ ಮೂರಿವೆ, ಇಂಗ್ಲಿಷಲ್ಲಿ ಒಂದೇ. ಗೇಮ್ ಮಾಸ್ಟರ್‌ಗೆ ಇದೊಂದು ದೊಡ್ಡ ಸಾಧನ. ನಮ್ಮ ಒಂದು ಆಟದಲ್ಲಿ ಒಬ್ಬ ಪಾಳೇಗಾರ ಊರಲ್ಲಿ ಎಲ್ರಿಗೂ "ಏನೋ, ಬಾರೋ" ಅಂತಾನೆ, ಅಡುಗೆಮನೆ ಮೂಲೇಲಿ ಕೂತಿರೋ ಒಬ್ಬ ಮುದುಕಿಗೆ ಮಾತ್ರ "ತಾವು" ಅಂತಾನೆ. ನಾನು ಅದನ್ನ ಒತ್ತಿ ಹೇಳಲಿಲ್ಲ, ಮಾತಿನ ಮಧ್ಯೆ ಹೋಗ್ಬಿಡ್ತು. ಹತ್ತು ನಿಮಿಷ ಆದ್ಮೇಲೆ ಒಬ್ರು ಪ್ಲೇಯರ್ "ಇರಿ ಇರಿ, ಅವನು ಅಜ್ಜೀಗೆ ತಾವು ಅಂದ್ನಲ್ಲ, ಯಾಕೆ?" ಅಂದ್ರು. ಒಂದು ದಾಳ ಬೀಳದೇನೇ ಸುಳಿವು ಸಿಕ್ಕಿಬಿಡ್ತು.

ಆಡುಮಾತಿನ ಬಗ್ಗೆ ಒಂದು ಎಚ್ಚರಿಕೆ. ಮಂಡ್ಯ, ಧಾರವಾಡ, ಕುಂದಾಪುರ, ನಿಮಗೆ ನಿಜವಾಗಿ ಬರೋ ಮಾತನ್ನ ಮಾತ್ರ ಬಳಸಿ, ಮತ್ತೆ ಒಂದು ಕಡೆಯ ಮಾತನ್ನ ಕಳ್ಳರಿಗೋ ದಡ್ಡರಿಗೋ ಮೀಸಲಿಡ್ಬೇಡಿ. ಟೇಬಲ್ಲಲ್ಲಿ ಆ ಊರಿನೋರು ಒಬ್ರು ಇದ್ದೇ ಇರ್ತಾರೆ, ಇಲ್ದಿದ್ರೂ ಮಾಡ್ಬಾರ್ದು.

ಪ್ರ: ಎಷ್ಟು ಖರ್ಚಾಗತ್ತೆ? ಪುಸ್ತಕಗಳು ಭಾರೀ ದುಬಾರಿ ಅಂತಾರಲ್ಲ?

ಶುರು ಮಾಡಕ್ಕೆ ಪುಸ್ತಕ ಬೇಡ. ಐದನೇ ಎಡಿಷನ್ನಿನ ಮೂಲ ರೂಲ್ಸ್ ಇರೋ ಎಸ್‌ಆರ್‌ಡಿ ಅನ್ನೋ ದಾಖಲೆ ಫ್ರೀ ಆಗಿ ಸಿಗತ್ತೆ, 2023ರ ಜನವರಿಯಲ್ಲಿ ಅದನ್ನ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೆಳಗೆ ಬಿಟ್ರು, ಅಂದ್ರೆ ಮೂಲ ಯಾರದ್ದು ಅಂತ ಹೇಳಿ ನೀವು ಅದನ್ನ ಕನ್ನಡಕ್ಕೆ ತಂದು ಹಂಚಬಹುದು ಕೂಡ. ಅಚ್ಚಾದ ಅಡ್ವೆಂಚರ್‌ಗಳಿಗೆ, ಅಂದ್ರೆ ಆಡಿಸಕ್ಕೆ ಸಿದ್ಧ ಇರೋ ಕತೆ ಪುಸ್ತಕಗಳಿಗೆ, ಈ ಮಾತು ಅನ್ವಯಿಸಲ್ಲ, ಅವನ್ನ ನಿಮ್ಮ ಟೇಬಲ್ಲಲ್ಲಿ ಹೆಂಗೆ ಬೇಕಾದ್ರೂ ಬದಲಾಯಿಸಿ ಆಡಿಸಿ, ಆದ್ರೆ ಬರೆದು ಹಂಚಬೇಡಿ. ಪಾತ್‌ಫೈಂಡರ್ ರೂಲ್ಸೂ ಆನ್‌ಲೈನಲ್ಲಿ ಫ್ರೀ ಇದೆ.

ದಾಳಗಳು ಒಂದು ಸೆಟ್ಟಲ್ಲಿ ಏಳು ಬರತ್ತೆ: 4, 6, 8, 12, 20 ಮುಖದ್ದು ಒಂದೊಂದು, 10 ಮುಖದ್ದು ಎರಡು. ಮೊದಲ ದಿನ ಇಡೀ ಟೇಬಲ್‌ಗೆ ಒಂದೇ ಸೆಟ್ ಇದ್ರೂ ನಡಿಯತ್ತೆ. ಮ್ಯಾಪ್‌ಗೆ ಒಂದು ಇಂಚಿನ ಚೌಕ ಇರೋ ಹಾಳೆ ಬೇಕು, ಒಂದು ಚೌಕ ಅಂದ್ರೆ 5 ಅಡಿ ಲೆಕ್ಕ. ಝೆರಾಕ್ಸ್ ಅಂಗಡೀಲಿ ಎ3 ಹಾಳೆ ಮೇಲೆ ಚೌಕ ಹೊಡೆಸಿ ಲ್ಯಾಮಿನೇಟ್ ಮಾಡ್ಸಿ, ವೈಟ್‌ಬೋರ್ಡ್ ಮಾರ್ಕರಲ್ಲಿ ಬರೀಬಹುದು ಒರೆಸ್ಬಹುದು, ನಮ್ಮದು ನಾಲ್ಕು ವರ್ಷದಿಂದ ಅದೇ ಹಾಳೆ. ಗೊಂಬೆ ಬದ್ಲು ಚೆಸ್ ಕಾಯಿ, ಶತ್ರುಗಳಿಗೆ ಹುಣಸೆಬೀಜ. ಹುಣಸೆಬೀಜದ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ನಂಬರ್ ಬರೆದ್ರೆ ಯಾವ ಗಾಬ್ಲಿನ್‌ಗೆ ಎಷ್ಟು ಏಟು ಬಿತ್ತು ಅನ್ನೋ ಗೊಂದಲ ಇರಲ್ಲ.

ಪ್ರ: ರೂಲ್ಸ್ ಎಲ್ಲಾ ಬಾಯಿಪಾಠ ಆಗ್ಬೇಕಾ?

ಬೇಡ. ಇಪ್ಪತ್ತು ಮುಖದ ದಾಳ ಎಸೀರಿ, ಪಾತ್ರದ ಬೋನಸ್ ಕೂಡ್ಸಿ, ಬೇಕಾದ ನಂಬರ್ ಮುಟ್ತಾ ನೋಡಿ. ಸುಲಭದ ಕೆಲಸಕ್ಕೆ 10, ಸಾಧಾರಣಕ್ಕೆ 15, ಕಷ್ಟಕ್ಕೆ 20. ಪರಿಸ್ಥಿತಿ ಅನುಕೂಲ ಇದ್ರೆ ಎರಡು ಸಲ ಎಸೆದು ದೊಡ್ಡದು ತಗೊಳ್ಳಿ, ಪ್ರತಿಕೂಲ ಇದ್ರೆ ಚಿಕ್ಕದು. 11 ಅಥವಾ ಅದಕ್ಕಿಂತ ಜಾಸ್ತಿ ಬೀಳ್ಬೇಕಾಗಿದ್ದಾಗ ಒಂದು ದಾಳಕ್ಕೆ ನೂರಕ್ಕೆ 50 ಸಾಧ್ಯತೆ ಇರೋದು ಎರಡು ದಾಳಕ್ಕೆ 75 ಆಗತ್ತೆ, ಅಷ್ಟು ದೊಡ್ಡ ವ್ಯತ್ಯಾಸ. ಇಷ್ಟು ಗೊತ್ತಿದ್ರೆ ಮೊದಲ ಸೆಷನ್ ಆಡಿಸ್ಬಹುದು. ಮಧ್ಯದಲ್ಲಿ ರೂಲ್ ನೆನಪಾಗ್ಲಿಲ್ವಾ, ಆ ಕ್ಷಣಕ್ಕೆ ಒಂದು ತೀರ್ಮಾನ ಹೇಳಿ ಮುಂದೆ ಹೋಗಿ, ಮನೆಗೆ ಹೋದ್ಮೇಲೆ ಪುಸ್ತಕ ತೆಗೆದು ನೋಡಿ, ಮುಂದಿನ ವಾರ "ಹೋದ್ಸಲ ನಾನು ಹೇಳಿದ್ದು ತಪ್ಪು, ಇನ್ಮೇಲೆ ಹಿಂಗೆ" ಅಂತ ಹೇಳಿ.

ಪ್ರ: ಸ್ವಂತ ಕತೆ ಬರೀಲಾ, ಅಚ್ಚಾಗಿರೋ ಅಡ್ವೆಂಚರ್ ತಗೊಳ್ಲಾ?

ಮೊದಲ ಸಲ ಅಚ್ಚಾಗಿರೋದು ತಗೊಂಡು ನಿಮ್ಮ ಊರಿಗೆ ಒಗ್ಗಿಸಿ. ಸ್ವಂತದ್ದು ಬರೆದ್ರೆ ಮೂರು ವಾರ ರಾಜವಂಶದ ಇತಿಹಾಸ ಬರೀತಾ ಕೂರ್ತೀರಿ, ಪ್ಲೇಯರ್ಸು ಅದರಲ್ಲಿ ಒಂದು ಸಾಲೂ ಕೇಳಲ್ಲ.

ಪ್ರ: ಒಗ್ಗಿಸೋದು ಅಂದ್ರೆ ಹೆಸರು ಬದಲಾಯಿಸೋದು ತಾನೇ?

ಅಲ್ಲ, ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯ ಇದು, ಅದಕ್ಕೇ ಉದ್ದ ಬರೀತೀನಿ. ಹೆಸರು ಮಾತ್ರ ಬದಲಾಯಿಸಿದ್ರೆ ಬ್ಯಾರನ್ ಹೋಗಿ ಪಾಳೇಗಾರ ಬರ್ತಾನೆ, ಆದ್ರೆ ಅವನು ಬ್ಯಾರನ್ ಥರಾನೇ ನಡ್ಕೊಳ್ತಾನೆ, ಟೇಬಲ್ಲಲ್ಲಿ ಯಾರಿಗೂ ಅದು ತಮ್ಮದು ಅನ್ಸಲ್ಲ. ಪುಸ್ತಕದಲ್ಲಿ ಒಂದು ಜಾಗ ಬಂದಾಗ "ಇದು ಇಲ್ಲಿ ಯಾಕಿದೆ, ಕತೇಲಿ ಇದರ ಕೆಲಸ ಏನು" ಅಂತ ಕೇಳ್ಕೊಳ್ಳಿ, ಆ ಕೆಲಸಾನ ನಮ್ಮ ಕಡೆ ಯಾವುದು ಮಾಡತ್ತೆ ಅಂತ ಹುಡುಕಿ.

ಉದಾಹರಣೆಗೆ ಹೆಂಡದಂಗಡಿ ಇರೋ ವಸತಿಗೃಹ, ಎಲ್ಲಾ ಅಡ್ವೆಂಚರ್ ಶುರುವಾಗೋದೇ ಅಲ್ಲಿ. ಅದರ ಕೆಲಸ ಏನಂದ್ರೆ ಪರಿಚಯ ಇಲ್ದೋರು ಒಂದೇ ಸೂರಿನ ಕೆಳಗೆ ಸೇರ್ಬೇಕು, ಸುದ್ದಿ ಕಿವಿಯಿಂದ ಕಿವಿಗೆ ಹೋಗ್ಬೇಕು. ನಮ್ಮಲ್ಲಿ ಅದಕ್ಕೆ ಛತ್ರ ಇದೆ, ಸಂತೆ ಇದೆ, ಅರವಟ್ಟಿಗೆ ಇದೆ. ಆದ್ರೆ ಛತ್ರದಲ್ಲಿ ಮಲಗಕ್ಕೆ ದುಡ್ಡು ಕೊಡಲ್ಲ, ಹಂಗಾಗಿ ಪುಸ್ತಕದಲ್ಲಿ "ಬಾಕಿ ತೀರಿಸಕ್ಕಾಗದೆ ಪ್ಲೇಯರ್ಸ್ ಕೆಲಸ ಒಪ್ಕೋತಾರೆ" ಅಂತಿದ್ರೆ ಅದು ಛತ್ರದಲ್ಲಿ ಮುರಿದುಬೀಳತ್ತೆ, ಆಗ ಉಂಡ ಅನ್ನದ ಋಣ ಅಂತ ಮಾಡ್ಕೊಳ್ಳಿ, ಅದು ಸಾಲಕ್ಕಿಂತ ಗಟ್ಟಿ. ಇನ್ನೊಂದು, ಹಿಮ ಬಿದ್ದು ಕಣಿವೆ ದಾರಿ ಮುಚ್ಚೋದು. ಅದರ ಕೆಲಸ ವಾಪಸ್ ಹೋಗೋ ದಾರಿ ಕಟ್ ಮಾಡೋದು. ಹಿಮ ಎಲ್ಲಿಂದ ತರ್ತೀರಿ, ಆಷಾಢದ ಮಳೆ ತನ್ನಿ, ಹೊಳೆ ತುಂಬಿ ಹರಿಗೋಲು ನಿಂತೋಗಿದೆ ಅನ್ನಿ, ಟೇಬಲ್ಲಲ್ಲಿ ಕೂತಿರೋರಿಗೆಲ್ಲ ಆ ನೀರಿನ ಸದ್ದು ಗೊತ್ತು.

ಡಂಜನ್ ಅಂದ್ರೆ ನೆಲದಡಿಯ ಕೋಣೆಗಳು. ನಾನು ಒಂದ್ಸಲ ಅದನ್ನ ಹಗೇವು ಮಾಡಿದ್ದೆ. ಹಳ್ಳಿ ಕಡೆ ರಾಗಿ ತುಂಬಿಡ್ತಿದ್ದ ನೆಲದೊಳಗಿನ ಕಣಜ, ಮೇಲೆ ಒಬ್ಬ ಮನುಷ್ಯ ಇಳಿಯೋಷ್ಟು ಬಾಯಿ, ಒಳಗೆ ಹೊಟ್ಟೆ ಥರ ಅಗಲ. ಬಾಯಿ ತೆಗೆದ ಕೂಡ್ಲೆ ಇಳಿಯಂಗಿಲ್ಲ, ಒಳಗಿನ ಕೆಟ್ಟ ಗಾಳೀಗೆ ಉಸಿರು ಕಟ್ಟತ್ತೆ. ನಮ್ಮ ಟೇಬಲ್ಲಿನ ಒಬ್ರು, ತುಮಕೂರು ಕಡೆ ಹಳ್ಳಿಯೋರು, ರೋಗ್, ಅಂದ್ರೆ ಕಳ್ಳನ ಪಾತ್ರ, ಆಡ್ತಿದ್ರು. ಬೇರೆಯವ್ರು ಹಗ್ಗ ಕಟ್ತಿದ್ರೆ ಇವರು ಕೈ ಅಡ್ಡ ಹಿಡಿದು, "ಮೊದಲು ದೀಪ ಕಟ್ಟಿ ಇಳಿಸ್ತೀನಿ" ಅಂದ್ರು. ನಾನು ದೀಪ ಆರಿತು ಅಂದೆ. ಟೇಬಲ್ ಪೂರ್ತಿ ಸುಮ್ಮನಾಯ್ತು. ಪುಸ್ತಕದಲ್ಲಿ ಅಲ್ಲಿ ವಿಷದ ಬಾಣದ ಟ್ರ್ಯಾಪ್ ಇತ್ತು, 15 ಬಿದ್ರೆ ಕಾಣತ್ತೆ ಅಂತ. ಇವರು ದಾಳಾನೇ ಎಸೀಲಿಲ್ಲ, ತಮ್ಮ ಅಜ್ಜನ ಮನೇಲಿ ಕೇಳಿದ್ದು ನೆನಪಾಯ್ತು ಅಷ್ಟೇ, ಅದಕ್ಕೆ ದಾಳ ಕೇಳೋದು ಸರಿಯೂ ಅಲ್ಲ. ಇಂಥ ಕ್ಷಣಕ್ಕೋಸ್ಕರ ನಾನು ಇಷ್ಟೆಲ್ಲಾ ಒಗ್ಗಿಸೋ ಕಷ್ಟ ಪಡೋದು.

ಚಿನ್ನ ಬೆಳ್ಳಿ ತಾಮ್ರದ ನಾಣ್ಯಕ್ಕೆ ವರಹ, ಹಣ, ಕಾಸು ಅನ್ನಿ, ಹತ್ತರ ಲೆಕ್ಕ ಪುಸ್ತಕದ್ದೇ ಇರ್ಲಿ.

ಪ್ರ: ಬೆಂಗಳೂರನ್ನೇ ಕ್ಯಾಂಪೇನಿನ ಊರು ಮಾಡ್ಬಹುದಾ?

ಇದಕ್ಕಿಂತ ಒಳ್ಳೆ ಊರು ನಂಗೆ ಗೊತ್ತಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ತಗೊಳ್ಳಿ, ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ, ಪುಸ್ತಕದಲ್ಲಿ ಗಿಲ್ಡ್ (ಒಂದೇ ಕಸುಬಿನೋರ ಸಂಘ) ಅಂತ ಬರ್ಕೊಂಡಿರ್ತಾರಲ್ಲ, ಇಲ್ಲಿ ಬೀದಿ ಹೆಸರಲ್ಲೇ ಇದೆ. ಮ್ಯಾಪ್ ಬರೀಬೇಕಾಗಿಲ್ಲ, ಒಂದು ಬೆಳಗ್ಗೆ ಅವೆನ್ಯೂ ರೋಡಿಂದ ಚಿಕ್ಕಪೇಟೆ ಕಡೆ ನಡೀರಿ, ಯಾವ ಸಂದಿ ಎಲ್ಲಿಗೆ ಹೋಗತ್ತೆ ಅಂತ ಕಾಲಿಗೇ ಗೊತ್ತಾಗತ್ತೆ, ಆಮೇಲೆ ಕಳ್ಳನ ಬೆನ್ನಟ್ಟೋ ಸೀನ್ ನೋಟ್ಸ್ ಇಲ್ದೇ ಆಡಿಸ್ತೀರಿ.

ಲಾಲ್‌ಬಾಗ್ ಬಂಡೆ ಮೇಲೆ, ಹಲಸೂರು ಕೆರೆ ಹತ್ರ, ಕೆಂಪಾಂಬುಧಿ ಕೆರೆ ಹತ್ರ, ಮೇಖ್ರಿ ಸರ್ಕಲ್ ಹತ್ರ ಇರೋ ನಾಲ್ಕು ಗೋಪುರ ನೋಡಿ. ನಮ್ಮ ಕ್ಯಾಂಪೇನಲ್ಲಿ ಅವು ಗಡಿ ಕಾಯೋ ನಾಲ್ಕು ದೀಪಸ್ತಂಭ, ಒಂದೊಂದೇ ಆರ್ತಾ ಬರತ್ತೆ, ಆರಿದ ದಿಕ್ಕಿಂದ ಏನೋ ಒಳಗೆ ಬರತ್ತೆ. ಇನ್ನೊಂದು ಎಳೆ ಕೆರೆಗಳದು. ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋ ಕಡೆ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಸ್ಟೇಡಿಯಂ ಇರೋ ಕಡೆ ಸಂಪಂಗಿ ಕೆರೆ ಇತ್ತು, ಒಂದು ಕೆರೆ ಕೋಡಿ ಹರಿದ್ರೆ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗ್ತಿತ್ತು. ಆ ಕೆರೆಗಳನ್ನ ಕಾಯ್ತಿದ್ದೋರು ಈಗೆಲ್ಲಿದಾರೆ ಅಂತ ಒಂದು ಪ್ರಶ್ನೆ ಇಟ್ರೆ ಹತ್ತು ಸೆಷನ್‌ಗೆ ಆಗೋಷ್ಟು ಕತೆ ಬರತ್ತೆ. ಇನ್ನೂ ಹಳೇದು ಬೇಕಂದ್ರೆ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ, ಸುಮಾರು ಕ್ರಿ.ಶ. 890ರ ವೀರಗಲ್ಲಲ್ಲಿ ಬೆಂಗಳೂರಿನ ಕಾಳಗದ ಮಾತು ಇದೆ, ಅಂದ್ರೆ ಕೆಂಪೇಗೌಡರಿಗಿಂತ ಆರುನೂರು ವರ್ಷ ಮುಂಚೆ ಈ ಹೆಸರಿನ ಜಾಗದಲ್ಲಿ ಯಾರೋ ಯಾರಿಗಾಗಿಯೋ ಹೋರಾಡಿ ಸತ್ತಿದಾರೆ. ವೀರಗಲ್ಲಿನ ವೀರ ರಾತ್ರಿ ಎದ್ದು "ಕಾಳಗ ಮುಗೀತಾ?" ಅಂತ ಕೇಳ್ತಾನೆ, ನಾನು ಒಂದು ಕ್ಯಾಂಪೇನ್ ಶುರು ಮಾಡಿದ್ದೇ ಹಂಗೆ.

ಪ್ರ: ಹಾರರ್ ಆಡಿಸ್ಬೇಕು, ರಕ್ತಪಿಶಾಚಿ ಕೋಟೆ ನಮ್ಮೋರಿಗೆ ಭಯ ಹುಟ್ಸಲ್ಲ.

"ನಾಳೆ ಬಾ" ಬಳಸಿ. ತೊಂಬತ್ತರ ದಶಕದಲ್ಲಿ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೀತಿದ್ರಲ್ಲ, ರಾತ್ರಿ ಪರಿಚಯದೋರ ದನೀಲಿ ಕರಿಯತ್ತೆ, ಬಾಗಿಲು ತೆಗೆದ್ರೆ ಮುಗೀತು ಅಂತ. ಇದರಲ್ಲಿ ರೂಲ್ ಇದೆ ನೋಡಿ, ಆಟಕ್ಕೆ ಹೇಳಿ ಮಾಡಿಸಿದಂಗೆ: ಬರಹ ಇದ್ರೆ ಓದಿ ವಾಪಸ್ ಹೋಗತ್ತೆ, ಅಳಿಸಿದ್ರೆ ಒಳಗೆ ಬರತ್ತೆ. ಮಳೆ ಬಂದ ರಾತ್ರಿ ಸೀಮೆಸುಣ್ಣ ತೊಳೆದು ಹೋಗ್ತಿದೆ ಅಂತ ಹೇಳಿ ಸುಮ್ನೆ ಕೂತ್ಕೊಳ್ಳಿ. ಆಮೇಲೆ ಒಬ್ಬ ಪ್ಲೇಯರ್ ಕಡೆ ತಿರುಗಿ ಅವರ ಪಾತ್ರದ ಅಮ್ಮನ ದನೀಲಿ ಹೆಸರು ಹಿಡಿದು ಒಂದೇ ಸಲ ಕರೀರಿ.

ಪ್ರ: ನಮ್ಮ ದೇವರುಗಳನ್ನ, ಪುರಾಣದ ಪಾತ್ರಗಳನ್ನ ತರಬಹುದಾ? ಎಲ್ಫ್, ಡ್ವಾರ್ಫ್ ಅನ್ನೋ ಮನುಷ್ಯರಲ್ಲದ ಜೀವಿಗಳನ್ನ ಏನ್ ಮಾಡೋದು?

ಜನ ಇವತ್ತೂ ಪೂಜೆ ಮಾಡೋ ದೇವರಿಗೆ ಹಿಟ್ ಪಾಯಿಂಟ್ ಕೊಡ್ಬೇಡಿ, ಇದು ನನ್ನ ಖಚಿತ ಅಭಿಪ್ರಾಯ. ಹೆದರಿಕೆಯಿಂದ ಹೇಳ್ತಿಲ್ಲ, ಟೇಬಲ್ಲಲ್ಲಿ ಒಬ್ರಿಗೆ ಅದು ಆಟದ ವಸ್ತು, ಪಕ್ಕದಲ್ಲಿ ಕೂತೋರಿಗೆ ಅದು ಬೆಳಗ್ಗೆ ಕೈ ಮುಗಿದು ಬಂದ ಮೂರ್ತಿ. ಊರ ಗಡಿ ಕಾಯೋ ಒಬ್ಬಳು ದೇವಿಯನ್ನ ನೀವೇ ಹುಟ್ಟಿಸಿ, ಅವಳಿಗೊಂದು ಜಾತ್ರೆ, ಒಂದು ಹರಕೆ, ಒಂದು ಕೋಪ ಕೊಡಿ. ಬೇತಾಳ, ಬ್ರಹ್ಮರಾಕ್ಷಸ, ಯಕ್ಷರನ್ನ ಧಾರಾಳವಾಗಿ ತನ್ನಿ, ಬ್ರಹ್ಮರಾಕ್ಷಸನಂತೂ ಬರೀ ಹೊಡೆದಾಟದಲ್ಲಿ ಸೋಲೋನಲ್ಲ, ಅವನ ಹತ್ರ ವಾದ ಮಾಡ್ಬೇಕು.

ಎಲ್ಫು ಡ್ವಾರ್ಫು ವಿಷಯದಲ್ಲಿ ದಯವಿಟ್ಟು ಒಂದು ಮಾತು ಕೇಳಿ: ಇಂಥ ಜೀವಿಗಳ ಬಗೆಗೆ ಪುಸ್ತಕದಲ್ಲಿದ್ದ ರೇಸ್ ಅನ್ನೋ ಪದಾನ ಜಾತಿ ಅಂತ ಅನುವಾದ ಮಾಡ್ಬೇಡಿ, ಯಾವ ಜೀವಿಯನ್ನೂ ಯಾವ ನಿಜವಾದ ಸಮುದಾಯಕ್ಕೂ ಹೋಲಿಸ್ಬೇಡಿ. "ಇವರು ಹುಟ್ಟಿಂದಲೇ ಕೆಟ್ಟೋರು" ಅನ್ನೋ ಹಳೇ ಪುಸ್ತಕದ ಮಾತು ನಮ್ಮ ನೆಲದಲ್ಲಿ ಬೇರೆ ಏನನ್ನೋ ನೆನಪಿಸತ್ತೆ, ಅದು ಎಲ್ಲಿ ನೋಯತ್ತೆ ಅಂತ ಆಡಿಸೋರಿಗೆ ಗೊತ್ತಾಗೋದೇ ಇಲ್ಲ. 2024ರ ರೂಲ್‌ಬುಕ್ಕಲ್ಲೂ ರೇಸ್ ತೆಗೆದು ಸ್ಪೀಶೀಸ್ ಅಂತ ಮಾಡಿದಾರೆ.

ಪ್ರ: ಮೊದಲ ಫೈಟಲ್ಲೇ ಎಲ್ರೂ ಸತ್ತೋದ್ರು. ನಾನೇನು ತಪ್ಪು ಮಾಡ್ದೆ?

ತಪ್ಪು ನಿಮ್ಮದಲ್ಲ, ಲೆಕ್ಕದ್ದು. 2014ರ ಸ್ಟಾರ್ಟರ್ ಸೆಟ್ಟಿನ ಮೊದಲ ಫೈಟೇ ನಾಲ್ಕು ಗಾಬ್ಲಿನ್ ಪೊದೇಲಿ ಅಡಗಿ ಹೊಡೆಯೋದು. ಒಂದು ಗಾಬ್ಲಿನ್‌ಗೆ 50 ಎಕ್ಸ್‌ಪಿ (ಅನುಭವದ ಅಂಕ), ನಾಲ್ಕಕ್ಕೆ 200, ಶತ್ರುಗಳು ಮೂರರಿಂದ ಆರು ಇದ್ರೆ 2014ರ ರೂಲ್ಸಲ್ಲಿ ಕಷ್ಟದ ಲೆಕ್ಕಕ್ಕೆ ಎರಡರಿಂದ ಗುಣಿಸ್ಬೇಕಿತ್ತು, ಅಲ್ಲಿಗೆ 400. ಒಂದನೇ ಲೆವೆಲ್ಲಿನ ನಾಲ್ಕು ಜನಕ್ಕೆ ಮಾರಣಾಂತಿಕ ಅನ್ನೋ ಗೆರೆ ತಲೆಗೆ 100ರಂತೆ ಅದೇ 400. ವಿಝಾರ್ಡ್, ಅಂದ್ರೆ ಮಾಂತ್ರಿಕನ ಪಾತ್ರದ, ಹತ್ರ ಸುಮಾರು 8 ಹಿಟ್ ಪಾಯಿಂಟ್, ಒಂದು ಬಾಣಕ್ಕೆ ಸರಾಸರಿ ಐದೂವರೆ, ಎರಡು ಬಾಣ ಬಿದ್ರೆ ನೆಲಕ್ಕೆ. ಹೊಸಬರ ಮೊದಲ ದಿನದ ಮೊದಲ ಅರ್ಧ ಗಂಟೇಲಿ ಇದು.

ಅದಕ್ಕೆ ಎರಡು ಗಾಬ್ಲಿನ್ ಇಂದ ಶುರು ಮಾಡಿ, ಮೂರನೇದು ಓಡಿ ಬರ್ತಿದೆ ಅಂತ ಎರಡನೇ ರೌಂಡಲ್ಲಿ ಬೇಕಾದ್ರೆ ಸೇರ್ಸಿ. ಮತ್ತೆ ಶತ್ರುಗಳಿಗೂ ಜೀವದ ಆಸೆ ಇರತ್ತೆ, ಅರ್ಧ ಜನ ಬಿದ್ರೆ ಮಿಕ್ಕೋರು ಓಡ್ಲಿ. ಪ್ಲೇಯರ್ಸ್ ಸೋತ್ರೂ ಸಾಯ್ಲೇಬೇಕು ಅಂತಿಲ್ಲ, ಸಾಮಾನು ದೋಚ್ಕೊಂಡು ಕಟ್ಟಿಹಾಕಿ ಬಿಟ್ರೆ ಮುಂದಿನ ಸೆಷನ್ ತಾನಾಗೇ ಸಿಗತ್ತೆ. ಗೇಮ್ ಮಾಸ್ಟರ್ ಮುಂದಿಟ್ಕೊಳ್ಳೋ ಪರದೆ ಹಿಂದೆ ದಾಳ ಎಸೆದು ಫಲಿತಾಂಶ ಸುಳ್ಳು ಹೇಳೋದಾ ಅಂತ ಕೇಳ್ತಾರೆ. ನಾನು ಎಲ್ರ ಎದುರಿಗೇ ಎಸೀತೀನಿ. ದಾಳ ಬಿದ್ಮೇಲೆ ಬದಲಾಯಿಸೋದಕ್ಕಿಂತ ಎಸೆಯೋ ಮುಂಚೆ ಯೋಚನೆ ಮಾಡೋದು ಒಳ್ಳೇದು.

ಪ್ರ: ನಮ್ಮಲ್ಲಿ ಏಳು ಜನ ಇದಾರೆ. ಅಥವಾ ಇಬ್ರೇ ಇದೀವಿ.

ನಾಲ್ಕೈದು ಜನ ಹದ. ಏಳು ಜನ ಆದ್ರೆ ಒಬ್ರ ಸರದಿ ಮುಗಿದು ಮತ್ತೆ ಬರೋಷ್ಟರಲ್ಲಿ ಕಾಫಿ ಆರೋಗತ್ತೆ, ಎರಡು ಟೇಬಲ್ ಮಾಡಿ, ಇನ್ನೊಬ್ರು ಗೇಮ್ ಮಾಸ್ಟರ್ ಆಗ್ಲಿ. ಆಗಲ್ಲ ಅಂದ್ರೆ ಒಬ್ಬನೇ ದೊಡ್ಡ ಶತ್ರು ಇರೋ ಫೈಟ್ ಬೇಡ, ಅವನಿಗೆ ಒಂದು ಸರದಿ ಇವರಿಗೆ ಏಳು, ಏಟು ಎತ್ತೋ ಮುಂಚೆ ಬಿದ್ದೋಗ್ತಾನೆ, ಜೊತೆಗೆ ಬಂಟರನ್ನ ಕೊಡಿ. ಇಬ್ರೇ ಇದ್ರೆ ಶತ್ರುಗಳ ಸಂಖ್ಯೆ ಅರ್ಧ ಮಾಡಿ, ಒಬ್ಬ ಚೋಟನಂಥೋನನ್ನ ಜೊತೆಗೆ ಸೇರ್ಸಿ.

ಪ್ರ: ನಾನು ಬರ್ಕೊಂಡಿದ್ದ ದಾರಿ ಬಿಟ್ಟು ಎಲ್ಲೋ ಹೋಗ್ಬಿಟ್ರು, ಈಗೇನು?

ಖುಷಿ ಪಡಿ, ಅವರಿಗೆ ಊರು ನಿಜ ಅನ್ಸಿದೆ. ಮಾಗಡಿ ಕಡೆ ಹೋಗ್ರಪ್ಪ ಅಂದ್ರೆ ಆನೇಕಲ್ ಕಡೆ ಹೊರಟ್ರು ಅಂತ ರಸ್ತೆ ಮುಚ್ಚಕ್ಕೆ ಹೋಗ್ಬೇಡಿ. ಘಟನೆಗಳನ್ನ ಬರ್ಕೊಳೋದು ಬಿಟ್ಟು ಜನರನ್ನ ಬರ್ಕೊಳ್ಳಿ: ಖಳನಿಗೆ ಏನು ಬೇಕು, ಯಾರೂ ಅಡ್ಡ ಬರದಿದ್ರೆ ಹುಣ್ಣಿಮೆ ಹೊತ್ತಿಗೆ ಏನ್ ಮಾಡಿರ್ತಾನೆ. ಪ್ಲೇಯರ್ಸ್ ಆನೇಕಲ್ಲಿಗೆ ಹೋದ್ರಾ, ಹೋಗ್ಲಿ, ಅಷ್ಟು ದಿನ ಅವನ ಕೆಲಸ ನಡೀತಾ ಇರತ್ತೆ, ವಾಪಸ್ ಬಂದಾಗ ಊರು ಬೇರೆ ಥರ ಇರತ್ತೆ. ಪತ್ತೇದಾರಿ ಕತೆಯಾದ್ರೆ ಒಂದು ಗುಟ್ಟಿಗೆ ಕನಿಷ್ಠ ಮೂರು ಸುಳಿವು ಇಡಿ, ಒಂದನ್ನ ನೋಡಲ್ಲ, ಇನ್ನೊಂದನ್ನ ತಪ್ಪಾಗಿ ಅರ್ಥ ಮಾಡ್ಕೋತಾರೆ, ಮೂರನೇದು ಕೈ ಹಿಡಿಯತ್ತೆ.

ಪ್ರ: ಒಬ್ಬನೇ ಎಲ್ಲಾ ಮಾತಾಡ್ತಾನೆ, ಇನ್ನೊಬ್ಬಳು ಬಾಯೇ ಬಿಡಲ್ಲ.

ಬಾಯಿ ಬಿಡದೋರಿಗೆ "ನೀನೇನ್ ಮಾಡ್ತೀಯ?" ಅಂತ ಎಲ್ರ ಎದುರು ಕೇಳಿದ್ರೆ ಇನ್ನೂ ಮುದುಡಿಕೊಳ್ತಾರೆ. ಅವರ ಪಾತ್ರಕ್ಕೆ ಮಾತ್ರ ಗೊತ್ತಿರೋ ಒಂದು ವಿಷಯಾನ ಚೀಟೀಲಿ ಬರೆದು ಕೊಡಿ, ಆಗ ಬೇರೆಯೋರೇ ಅವರನ್ನ ಕೇಳ್ತಾರೆ. ಜಾಸ್ತಿ ಮಾತಾಡೋರ ಹತ್ರ ಆಟ ಮುಗಿದ್ಮೇಲೆ, ಒಬ್ರೇ ಇದ್ದಾಗ, ಟೀ ಕುಡೀತಾ ನೇರವಾಗಿ ಹೇಳಿ. ಬಹಳಷ್ಟು ಜನಕ್ಕೆ ತಾವು ಹಂಗೆ ಮಾಡ್ತಿದೀವಿ ಅಂತ ಗೊತ್ತೇ ಇರಲ್ಲ.

ಪ್ರ: ಸೆಷನ್ ಝೀರೋ, ಅಂದ್ರೆ ಆಟ ಶುರು ಮಾಡೋ ಮುಂಚಿನ ಮಾತುಕತೆ, ನಿಜವಾಗ್ಲೂ ಬೇಕಾ?

ಬೇಕು. ಒಂದು ಸಲ ನಾನು ಬಿಟ್ಟಿದ್ದೆ. ಕತೇಲಿ ಒಂದು ಮಗು ಬಾವಿಗೆ ಬಿದ್ದು ಸತ್ತ ಸೀನ್ ತಂದೆ, ಟೇಬಲ್ಲಲ್ಲಿ ಒಬ್ರ ಮನೇಲಿ ಅಂಥದ್ದೇ ಆಗಿತ್ತಂತೆ, ನಂಗೆ ಗೊತ್ತಿರಲಿಲ್ಲ. ಅವರು ಏನೂ ಹೇಳದೆ ಎದ್ದು ಬಾಲ್ಕನಿಗೆ ಹೋದ್ರು. ಅವತ್ತು ಆಟ ನಿಲ್ಲಿಸಿದ್ವಿ. ಆಮೇಲಿಂದ ಪ್ರತಿ ಕ್ಯಾಂಪೇನಿನ ಮೊದಲು ಒಂದು ಗಂಟೆ ಕೂತು, ಏನು ಬರಬಹುದು, ಏನು ಬರಲೇಬಾರದು, ಏನು ನಡೆದ್ರೂ ತೆರೆಮರೆಯಲ್ಲೇ ನಡೀಬೇಕು ಅಂತ ಕೇಳಿ ಬರ್ಕೋತೀನಿ, ಬಾಯಲ್ಲಿ ಹೇಳಕ್ಕಾಗದೋರು ನಂಗೆ ಮೆಸೇಜ್ ಮಾಡ್ತಾರೆ. ಜಾನ್ ಸ್ಟಾವ್ರೋಪೌಲಸ್ ರೂಪಿಸಿದ ಎಕ್ಸ್ ಕಾರ್ಡನ್ನೂ ಟೇಬಲ್ ಮಧ್ಯೆ ಇಡ್ತೀನಿ, ಯಾರು ಮುಟ್ಟಿದ್ರೂ ಆ ಸೀನ್ ಅಲ್ಲಿಗೇ ಬಿಟ್ಟು ಮುಂದೆ ಹೋಗ್ತೀವಿ, ಯಾಕೆ ಅಂತ ಕೇಳಂಗಿಲ್ಲ.

ಪ್ರ: ಹಳೇ ಎಡಿಷನ್ನಿನ ಅಡ್ವೆಂಚರ್ ಸಿಕ್ಕಿದೆ, ಐದನೇ ಎಡಿಷನ್ನಿಗೆ ತರೋದು ಹೆಂಗೆ?

ಎಂಬತ್ತರ ದಶಕದ ಪುಸ್ತಕದಲ್ಲಿ ಆರ್ಮರ್ ಕ್ಲಾಸ್ (ಏಟು ತಾಗದಂಗೆ ಕಾಯೋ ಅಂಕ) ಉಲ್ಟಾ, ಕಡಿಮೆ ಇದ್ದಷ್ಟೂ ಗಟ್ಟಿ, 20ರಲ್ಲಿ ಅದನ್ನ ಕಳೆದ್ರೆ ಇವತ್ತಿನ ಲೆಕ್ಕಕ್ಕೆ ಹತ್ರ ಬರತ್ತೆ. ಆದ್ರೆ ಅಷ್ಟು ಕಷ್ಟ ಬೇಡ, ಅದೇ ಹೆಸರಿನ ಪ್ರಾಣಿಯ ಹೊಸ ಲೆಕ್ಕ ತಗೊಳ್ಳಿ. ನಿಜವಾದ ಸಮಸ್ಯೆ ಚಿನ್ನ. ಆಗ ಗುಹೆಯಿಂದ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಎಕ್ಸ್‌ಪಿ ಸಿಗ್ತಿತ್ತು, ಅದಕ್ಕೇ ಕೋಣೆ ಕೋಣೇಲೂ ನಿಧಿ. ಈಗ ಹಂಗೇ ಕೊಟ್ರೆ ಮೂರನೇ ಸೆಷನ್‌ಗೆ ಊರನ್ನೇ ಕೊಂಡ್ಕೊಳೋಷ್ಟು ದುಡ್ಡಾಗತ್ತೆ, ಧೈರ್ಯವಾಗಿ ಹತ್ತನೇ ಒಂದು ಭಾಗಕ್ಕೆ ಇಳಿಸಿ. ಶತ್ರುಗಳ ಸಂಖ್ಯೆಯೂ ಅಲ್ಲಿ ಜಾಸ್ತಿ, ಯಾಕಂದ್ರೆ ಎಲ್ಲರ ಜೊತೇನೂ ಹೊಡೆದಾಡ್ಬೇಕು ಅಂತ ಆಗ ಯಾರೂ ಅಂದ್ಕೊಂಡಿರಲಿಲ್ಲ, ಮೊದಲು ದಾಳ ಎಸೆದು ಅವರು ಯಾವ ಮೂಡಲ್ಲಿದಾರೆ ಅಂತ ನೋಡ್ತಿದ್ರು, ಮಾತುಕತೆಗೆ ಜಾಗ ಇತ್ತು. ಆ ಅಭ್ಯಾಸ ನೀವೂ ಇಟ್ಕೊಳ್ಳಿ.

ಪ್ರ: ಎಲ್ರನ್ನೂ ಒಂದು ದಿನ ಸೇರಿಸೋದೇ ಆಗ್ತಿಲ್ಲ.

ಒಬ್ರು ವೈಟ್‌ಫೀಲ್ಡ್, ಒಬ್ರು ಬನಶಂಕರಿ, ಒಬ್ರು ಯಲಹಂಕ, ಸಂಜೆ ಏಳಕ್ಕೆ ಅಂದ್ರೆ ಎಂಟೂವರೆಗೆ ಶುರು. ವಾರದ ದಿನ ಇಡಲೇಬೇಡಿ. ಭಾನುವಾರ ಬೆಳಗ್ಗೆ ಹತ್ತಕ್ಕೆ, ತಿಂಡಿ ಆದ್ಮೇಲೆ, ಮೆಟ್ರೋ ಸ್ಟೇಷನ್ ಹತ್ರ ಇರೋ ಮನೇಲಿ, ಒಂದೂವರೆಗೆ ಮುಗಿಸಿ ಊಟಕ್ಕೆ ಎದ್ದೇಳಿ. ಹದಿನೈದು ದಿನಕ್ಕೊಂದು ಸಲ, ಮೂರು ಜನ ಬಂದ್ರೆ ಆಟ ಇದೆ, ಬರದೋರ ಪಾತ್ರ ಛತ್ರದಲ್ಲಿ ಮಲಗಿದೆ ಅಂತ ಮೊದಲೇ ಮಾತಾಡ್ಕೊಳ್ಳಿ. ಪ್ರತಿ ಸೆಷನ್ನೂ ಒಂದು ಸುರಕ್ಷಿತ ಜಾಗದಲ್ಲಿ ಮುಗಿಸಿದ್ರೆ ಯಾರು ಬಂದ್ರೂ ಹೋದ್ರೂ ಕತೆ ಕೆಡಲ್ಲ.

ಪ್ರ: ಕ್ಯಾಂಪೇನ್ ಅರ್ಧಕ್ಕೇ ನಿಲ್ಲೋ ಹಂಗಿದೆ, ಒಬ್ರಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ.

ಸುಮ್ನೆ ನಿಂತೋಗಕ್ಕೆ ಬಿಡ್ಬೇಡಿ, ಅವರು ಹೊರಡೋ ಮುಂಚೆ ಒಂದು ಕೊನೇ ಸೆಷನ್ ಇಟ್ಕೊಳ್ಳಿ. ಫೈಟ್ ಬೇಡ. ಖಳನ ಕತೆ ಏನಾಗ್ತಿತ್ತು, ಯಾರು ಯಾರ ಮಗ, ಯಾವ ಗುಟ್ಟು ಎಲ್ಲಿತ್ತು ಅಂತ ನಿಮ್ಮ ನೋಟ್‌ಬುಕ್ ತೆರೆದು ಎಲ್ಲಾ ಹೇಳ್ಬಿಡಿ, ಆಮೇಲೆ ಹತ್ತು ವರ್ಷದ ನಂತರ ನಿಮ್ಮ ಪಾತ್ರ ಎಲ್ಲಿದೆ ಅಂತ ಒಬ್ಬೊಬ್ಬರನ್ನೇ ಕೇಳಿ. ನಮ್ಮದು ಹಂಗೇ ಮುಗಿದಾಗ ಆ ಫೈಟರ್ ಆಡ್ತಿದ್ದ ಹುಡುಗಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಬಸವನಗುಡಿ ದಿಬ್ಬದ ಹತ್ರ ಒಂದೆಕರೆ ಕಡ್ಲೆಕಾಯಿ ಹಾಕಿದೀನಿ, ಕತ್ತಿ ಅಟ್ಟದ ಮೇಲಿದೆ, ಪರಿಶೆ ದಿನ ಅಂಗಡಿ ಮುಂದೆ ಕೂತು ಸೇರು ಅಳೆಯೋದು ಚೋಟ, ಅಂದ್ಲು.